ಮನೆಯಲ್ಲಿ ಎರಡು ನಾಯಿಗಳು: ಜೊತೆಯಾಗಿ ಸಾಕುವ ಬಗೆ

ಮನೆಯ ನಾಯಿಗೆ ಬೇಸರವಾಗುತ್ತದೆಂದು ಇನ್ನೊಂದನ್ನು ತರಬೇಡಿ. ಎರಡನೆಯ ನಾಯಿಯ ಬಗ್ಗೆ ಯಾರೇ ಕೇಳಲಿ, ನಾನು ಮೊದಲು ಹೇಳುವ ಮಾತು ಇದು. ಬೇಸರಗೊಂಡ ನಾಯಿಗೆ ಬೇಕಿರುವುದು ನಿಮ್ಮ ಸಮಯ. ಅದನ್ನು ಕೊಡಲಾಗದ ಮನೆಗೆ ಇನ್ನೊಂದು ಬಂದರೆ ಬೇಸರಗೊಂಡ ನಾಯಿಗಳು ಎರಡಾಗುತ್ತವೆ. ಸಮಯವೂ ಹಣವೂ ಇದೆ, ಮನೆಯವರೆಲ್ಲ ಮನಸಾರೆ ಒಪ್ಪಿದ್ದಾರೆ ಎಂದಾದರೆ ಮುಂದಿನದು ನಿಮಗೆ ಉಪಯೋಗವಾದೀತು.

ನಮ್ಮ ಮನೆ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿದೆ. 30–40ರ ನಿವೇಶನ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ. ಗೌರಿಗೆ ಈಗ 8 ವರ್ಷ, 18 ಕಿಲೋ ತೂಗುತ್ತಾಳೆ. ನಮ್ಮದೇ ಬೀದಿಯಲ್ಲಿ ಹುಟ್ಟಿದವಳು. ಸಿದ್ದ ಮುಧೋಳ ತಳಿಯವನು, 4 ವರ್ಷ, 25 ಕಿಲೋ. ಅವನು ಮೂರು ತಿಂಗಳ ಮರಿಯಾಗಿ ಬಂದಾಗಿನಿಂದ ಇಬ್ಬರೂ ಜೊತೆಗಿದ್ದಾರೆ. ಈ ನಾಲ್ಕು ವರ್ಷಗಳಲ್ಲಿ ನನಗೆ ಖಚಿತವಾದದ್ದು ಒಂದೇ: ಎರಡು ನಾಯಿಗಳು ಒಟ್ಟಿಗೆ ನೆಮ್ಮದಿಯಿಂದ ಇರಬೇಕಾದರೆ ದಿನಕ್ಕೆ ಸ್ವಲ್ಪ ಹೊತ್ತಾದರೂ ಬೇರೆ ಬೇರೆ ಇರಬೇಕು. ಊಟ ಬೇರೆ, ಮಲಗುವ ಜಾಗ ಬೇರೆ, ಕೆಲವು ದಿನ ವಾಕಿಂಗ್ ಕೂಡ ಬೇರೆ. ಮುಂದಿನ ಹೆಜ್ಜೆಗಳೆಲ್ಲ ಇದರ ಸುತ್ತಲೇ ಇವೆ.

ಹೆಜ್ಜೆ 1: ಜೋಡಿ ಯಾವುದು?

ಸಾಮಾನ್ಯವಾಗಿ ಗಂಡು–ಹೆಣ್ಣಿನ ಜೋಡಿ ಹೊಂದಿಕೊಳ್ಳುವುದು ಸುಲಭ. ಮನೆಯೊಳಗೇ ಕಚ್ಚಾಡುವ ನಾಯಿಗಳಲ್ಲಿ ಒಂದೇ ಲಿಂಗದ ಜೋಡಿಗಳು ಹೆಚ್ಚು, ಅದರಲ್ಲೂ ಎರಡು ಹೆಣ್ಣುಗಳ ನಡುವಿನ ಹಗೆ ಬೇಗ ಆರುವುದಿಲ್ಲ. ಹೆಣ್ಣು ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬಂದಾಗ ಮೂರು ವಾರ ಮನೆಯೇ ರಣರಂಗವಾಗುತ್ತದೆ. ಆದ್ದರಿಂದ ಪಶುವೈದ್ಯರನ್ನು ಕೇಳಿ ಸರಿಯಾದ ವಯಸ್ಸಿನಲ್ಲಿ ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಮಾಡಿಸದ ಹೆಣ್ಣು ನಾಯಿಗಳಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವೂ ಇದೆ. ಅದು ಪ್ರಾಣಕ್ಕೆ ಎರವಾಗುವ ಕಾಯಿಲೆ.

ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತರುವ ಆಸೆ ಬೇಡ. ಅವು ಒಂದನ್ನೊಂದು ಅಂಟಿಕೊಂಡು ಬೆಳೆಯುತ್ತವೆ, ನಿಮ್ಮ ಮಾತಿಗೆ ಕಿವಿಗೊಡುವುದು ಕಡಿಮೆ. ಒಂದನ್ನು ಅರ್ಧ ಗಂಟೆ ದೂರ ಮಾಡಿದರೂ ಇನ್ನೊಂದು ಕಿರುಚಾಡುತ್ತದೆ. ಮೊದಲನೆಯದಕ್ಕೆ ಎರಡು ವರ್ಷ ತುಂಬಲಿ. ಕರೆದರೆ ಬರುವುದು, ಕೂರು ಎಂದರೆ ಕೂರುವುದು, ಒಂಟಿಯಾಗಿ ಇರುವುದು ಅದಕ್ಕೆ ರೂಢಿಯಾಗಲಿ. ಬಂದ ಮರಿ ಅರ್ಧ ಪಾಠವನ್ನು ದೊಡ್ಡದನ್ನು ನೋಡಿಯೇ ಕಲಿಯುತ್ತದೆ. ಗೇಟಿನ ಬಳಿ ಬೊಗಳುವ ಚಟವನ್ನೂ ಹಾಗೆಯೇ ಕಲಿಯುತ್ತದೆ ಎಂಬುದು ನೆನಪಿರಲಿ.

ಮುಧೋಳ ತಳಿಯ ಬಗ್ಗೆ ಒಂದು ಮಾತು. ಬಾಗಲಕೋಟೆ ಜಿಲ್ಲೆಯ ಬಯಲಿನಲ್ಲಿ ಮೊಲದ ಬೆನ್ನಟ್ಟಿ ಓಡಲೆಂದು ಬೆಳೆಸಿದ ನಾಯಿ ಇದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಸೇನೆಗೂ ಸೇರಿದ ನಮ್ಮದೇ ತಳಿ ಎಂಬ ಅಭಿಮಾನಕ್ಕೆ ಅದನ್ನು ಮೂರನೆಯ ಮಹಡಿಯ ಫ್ಲ್ಯಾಟಿಗೆ ತಂದು ಬಾಲ್ಕನಿಯಲ್ಲಿ ಕಟ್ಟುವವರನ್ನು ಕಂಡು ಸಂಕಟಪಟ್ಟಿದ್ದೇನೆ. ದಿನಕ್ಕೊಮ್ಮೆ ಮನಸೋ ಇಚ್ಛೆ ಓಡಿಸಲು ಬೇಲಿಯಿರುವ ಜಾಗ ಇಲ್ಲದಿದ್ದರೆ ಬೀದಿಯ ಮರಿಯನ್ನೇ ತನ್ನಿ. ಗೌರಿಯಷ್ಟು ಬುದ್ಧಿವಂತ, ಗಟ್ಟಿಮುಟ್ಟಾದ ನಾಯಿಯನ್ನು ನಾನು ಬೇರೆ ಕಂಡಿಲ್ಲ.

ಹೆಜ್ಜೆ 2: ಹೊಸದು ಬರುವ ಮುನ್ನ

ಮನೆಯಲ್ಲಿರುವ ನಾಯಿಯ ಲಸಿಕೆಗಳು ಪೂರ್ತಿಯಾಗಿರಲಿ. ಮರಿಗೆ ಆರರಿಂದ ಎಂಟನೆಯ ವಾರದಲ್ಲಿ ಲಸಿಕೆ ಆರಂಭಿಸಿ, ಮೂರು–ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ ಮುಂದುವರಿಸುತ್ತಾರೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ನಂತರ ವೈದ್ಯರು ಬರೆದುಕೊಟ್ಟ ದಿನಕ್ಕೆ ತಪ್ಪದೆ ಹಾಕಿಸಬೇಕು.

ಹೊಸ ಮರಿಯನ್ನು ಮೊದಲ ಹತ್ತು–ಹದಿನಾಲ್ಕು ದಿನ ಬೇರೆ ಕೋಣೆಯಲ್ಲಿಡಿ. ಪಾರ್ವೊ ವೈರಸ್ ತಗುಲಿದ್ದರೆ ವಾಂತಿ, ರಕ್ತಭೇದಿ ಸಾಮಾನ್ಯವಾಗಿ ಈ ಅವಧಿಯೊಳಗೆ ಕಾಣಿಸಿಕೊಳ್ಳುತ್ತವೆ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಫಿನಾಯಿಲ್ ನಂಬಬೇಡಿ, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಒರೆಸಬೇಕು. ಜಂತುಹುಳುವಿನ ಔಷಧವನ್ನೂ ಇದೇ ದಿನಗಳಲ್ಲಿ ಕೊಡಿಸಿ.

ಪ್ರತ್ಯೇಕವಾಗಿಡುವ ಈ ದಿನಗಳಿಂದ ಇನ್ನೊಂದು ಲಾಭವಿದೆ. ಮರಿ ಮಲಗಿದ್ದ ಹಳೆಯ ಟವೆಲನ್ನು ದೊಡ್ಡದರ ಹಾಸಿಗೆಯ ಹತ್ತಿರ ಇಡಿ, ದೊಡ್ಡದರ ಬಟ್ಟೆಯನ್ನು ಮರಿಯ ಕೋಣೆಗೆ ಹಾಕಿ. ಮುಖ ನೋಡುವ ಮೊದಲೇ ವಾಸನೆಯ ಪರಿಚಯವಾಗಿರುತ್ತದೆ. ಮರಿಗೆ ಭೇದಿ ಇದ್ದರೆ ಮಾತ್ರ ಇದನ್ನು ಮಾಡಬೇಡಿ.

ಬಡಗಿಯನ್ನೋ ವೆಲ್ಡಿಂಗ್ ಅಂಗಡಿಯವರನ್ನೋ ಕರೆಸಿ ಅಡುಗೆಮನೆಯ ಬಾಗಿಲಿಗೆ ಸೊಂಟದೆತ್ತರದ ಒಂದು ಗೇಟು ಹಾಕಿಸಿಕೊಳ್ಳಿ. ನಾಯಿಗಳಿಗಾಗಿ ನಾನು ಖರ್ಚು ಮಾಡಿದ ಹಣದಲ್ಲಿ ಇಷ್ಟು ಸಾರ್ಥಕವಾದದ್ದು ಬೇರೊಂದಿಲ್ಲ. ಬಾಗಿಲು ಮುಚ್ಚಿದರೆ ಒಂಟಿತನ. ಗೇಟು ಹಾಕಿದರೆ ಕಣ್ಣಿಗೆ ಕಾಣುತ್ತದೆ, ಮೈಗೆ ತಾಗುವುದಿಲ್ಲ.

ಹೆಜ್ಜೆ 3: ಮೊದಲ ಭೇಟಿ

ಮೊದಲ ಭೇಟಿ ಮನೆಯ ಒಳಗೆ ಬೇಡ, ಮನೆಯ ಮುಂದಿನ ಗೇಟಿನ ಎದುರೂ ಬೇಡ. ಅದು ಮೊದಲ ನಾಯಿಯ ರಾಜ್ಯ. ಎರಡಕ್ಕೂ ಪರಿಚಯವಿಲ್ಲದ ಖಾಲಿ ಮೈದಾನವೋ ಜನರಿಲ್ಲದ ಅಗಲವಾದ ರಸ್ತೆಯೋ ಆಗಲಿ. ಮರಿಗೆ ಲಸಿಕೆ ಮುಗಿದಿಲ್ಲದಿದ್ದರೆ ಅದನ್ನು ಬೀದಿಯಲ್ಲಿ ನೆಲಕ್ಕಿಳಿಸದೆ ಸ್ನೇಹಿತರ ಮನೆಯ ಶುಚಿಯಾದ ಅಂಗಳವನ್ನು ಆರಿಸಿಕೊಳ್ಳಿ.

ಇಬ್ಬರು ಮನುಷ್ಯರು ಬೇಕು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ನಾಯಿ. ಹತ್ತು ಮೀಟರ್ ಅಂತರದಲ್ಲಿ, ಒಂದೇ ದಿಕ್ಕಿಗೆ, ಅಕ್ಕಪಕ್ಕದಲ್ಲಿ ನಡೆಯಿರಿ. ಎದುರುಬದುರು ತರಬೇಡಿ; ಮುಖಕ್ಕೆ ಮುಖ ಕೊಟ್ಟು ನಡೆದು ಬರುವುದು ನಾಯಿಗಳ ಲೋಕದಲ್ಲಿ ಸವಾಲು ಹಾಕಿದಂತೆ. ಹಗ್ಗ ಸಡಿಲವಾಗಿರಲಿ. ನೀವು ಬಿಗಿ ಹಿಡಿದರೆ ನಿಮ್ಮ ಆತಂಕ ಹಗ್ಗದುದ್ದಕ್ಕೂ ಅದಕ್ಕೆ ಮುಟ್ಟುತ್ತದೆ. ಎರಡೂ ನೆಲ ಮೂಸುತ್ತ ತಮ್ಮ ಪಾಡಿಗೆ ಸಾಗಿದಾಗ ಅಂತರವನ್ನು ನಿಧಾನವಾಗಿ ಕಡಿಮೆ ಮಾಡಿ. ಕೊನೆಗೆ ಒಂದು ಇನ್ನೊಂದರ ಹಿಂಭಾಗ ಮೂಸಲು ಬಿಡಿ. ಮೂರು ಎಣಿಸಿ, ಹೆಸರು ಕರೆದು ಮುಂದೆ ನಡೆಸಿ. ಮತ್ತೆ ಬಿಡಿ, ಮತ್ತೆ ಕರೆಯಿರಿ.

ಯಾವುದು ಆಟ, ಯಾವುದು ಅಲ್ಲ ಎಂದು ಗುರುತಿಸುವುದನ್ನು ಇಲ್ಲಿಂದಲೇ ಕಲಿಯಬೇಕು. ಮುಂಗಾಲು ಚಾಚಿ ಎದೆ ನೆಲಕ್ಕೆ ತಾಗಿಸಿ ಹಿಂಭಾಗ ಎತ್ತಿದರೆ ಅದು ಆಟದ ಕರೆ. ಒಮ್ಮೆ ಇದು ಮೇಲೆ, ಒಮ್ಮೆ ಅದು ಮೇಲೆ ಎಂದಾಗುತ್ತಿದ್ದರೆ ಎಷ್ಟೇ ಸದ್ದು ಮಾಡಲಿ, ಆಟವೇ. ಮೈ ಮರಗಟ್ಟಿದಂತೆ ನಿಂತಿತು, ಬಾಯಿ ಮುಚ್ಚಿತು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿತು ಎಂದರೆ ಸದ್ದಿಲ್ಲದಿದ್ದರೂ ಅಪಾಯ. ಜಗಳ ಶುರುವಾಗುವುದು ಆ ಮೌನದಲ್ಲಿ.

ಗುರ್ ಎಂದದ್ದಕ್ಕೆ ನಾಯಿಯನ್ನು ಎಂದೂ ಹೊಡೆಯಬೇಡಿ, ಗದರಲೂ ಬೇಡಿ. ಗುರುಗುಟ್ಟುವುದು ‘ಸಾಕು, ದೂರ ಹೋಗು’ ಎಂಬ ಮರ್ಯಾದೆಯ ಮಾತು. ಆ ಮಾತಿಗೆ ಶಿಕ್ಷೆ ಕೊಟ್ಟರೆ ಮುಂದೆ ಮಾತಿಲ್ಲದೆಯೇ ಕಚ್ಚುತ್ತದೆ. ಮೊದಲ ತಿಂಗಳು ಗೌರಿ ದಿನಕ್ಕೆ ಹತ್ತು ಸಲ ಗುರುಗುಟ್ಟುತ್ತಿದ್ದಳು. ಪ್ರತಿ ಸಲವೂ ನಾವು ಮಾಡಿದ್ದು ಮರಿಯನ್ನು ಎತ್ತಿಕೊಂಡು ಆಚೆ ಹೋಗಿದ್ದಷ್ಟೇ. ತನ್ನ ಮಾತಿಗೆ ಬೆಲೆಯಿದೆ ಎಂದು ತಿಳಿದ ಮೇಲೆ ಅವಳು ಹೇಳುವುದನ್ನೇ ಕಡಿಮೆ ಮಾಡಿದಳು.

ಮನೆಗೆ ಬಂದ ಮೇಲೆ ಮೊದಲ ಮೂರು–ನಾಲ್ಕು ವಾರ ಎರಡನ್ನೇ ಬಿಟ್ಟು ಹೊರಗೆ ಹೋಗಬೇಡಿ, ಸ್ನಾನಕ್ಕೆ ಹೋಗುವಾಗಲೂ ಗೇಟು ಹಾಕಿ.

ಹೆಜ್ಜೆ 4: ಊಟ

ಜಗಳಗಳಿಗೆ ದೊಡ್ಡ ಕಾರಣ ಅನ್ನವೇ. ತಟ್ಟೆಗಳು ಒಂದಕ್ಕೊಂದು ಕಾಣದ ಜಾಗದಲ್ಲಿರಬೇಕು. ನಮ್ಮಲ್ಲಿ ಗೌರಿಯದು ಅಡುಗೆಮನೆಯಲ್ಲಿ, ಸಿದ್ದನದು ಹಿತ್ತಲಲ್ಲಿ. ಹೊತ್ತಿಗೆ ಸರಿಯಾಗಿ ಇಡುತ್ತೇನೆ, ಹದಿನೈದು ನಿಮಿಷದಲ್ಲಿ ಎತ್ತುತ್ತೇನೆ; ತಿಂದರೂ ಸರಿ, ಬಿಟ್ಟರೂ ಸರಿ. ತಟ್ಟೆ ಎತ್ತಿ ತೊಳೆದಿಟ್ಟ ಮೇಲೆಯೇ ಗೇಟು ತೆರೆಯುವುದು. ಖಾಲಿ ತಟ್ಟೆಯನ್ನು ನೆಕ್ಕಲು ಹೋಗಿಯೂ ಕಚ್ಚಾಡುತ್ತವೆ. ನೀರಿನ ಪಾತ್ರೆಗಳು ಕನಿಷ್ಠ ಎರಡು, ಬೇರೆ ಬೇರೆ ಮೂಲೆಗಳಲ್ಲಿ.

ತಟ್ಟೆ ಬೇರೆಯಾಗಿದ್ದರೆ ಯಾರು ಎಷ್ಟು ತಿಂದರು ಎಂಬುದೂ ತಿಳಿಯುತ್ತದೆ. ನಾಯಿಗೆ ಹುಷಾರಿಲ್ಲ ಎಂದು ಮೊದಲು ಹೇಳುವುದು ಅದರ ತಟ್ಟೆ. ಒಂದೇ ಪಾತ್ರೆಗೆ ಹಾಕಿದರೆ ಒಂದು ಊಟ ಬಿಟ್ಟದ್ದು ಎರಡು ದಿನ ಕಳೆದರೂ ಗೊತ್ತಾಗದು.

ಏನು ಹಾಕಬೇಕು? ಅಂಗಡಿಯ ಒಣ ಆಹಾರ ಹಾಕುವವರು ಪೊಟ್ಟಣದ ಮೇಲಿನ ತೂಕದ ಲೆಕ್ಕವನ್ನು ಪಾಲಿಸಿದರೆ ಸಾಕು. ಮನೆಯ ಅಡುಗೆ ಹಾಕುವವರು ತಿಳಿಯಬೇಕಾದದ್ದು ಹೆಚ್ಚಿದೆ. ಬರೀ ಹಾಲು–ಅನ್ನ, ಮೊಸರನ್ನದಲ್ಲಿ ನಾಯಿಗೆ ಬೇಕಾದಷ್ಟು ಪ್ರೋಟೀನ್ ಇಲ್ಲ. ಹಾಲು ಅನೇಕ ನಾಯಿಗಳಿಗೆ ಜೀರ್ಣವೂ ಆಗುವುದಿಲ್ಲ, ಭೇದಿಯಾಗುತ್ತದೆ. ನಾವು ಉಪ್ಪು–ಖಾರವಿಲ್ಲದೆ ಬೇಯಿಸಿದ ಕೋಳಿಮಾಂಸ ಅಥವಾ ಮೊಟ್ಟೆ, ಸ್ವಲ್ಪ ಅನ್ನ ಇಲ್ಲವೇ ರಾಗಿ ಅಂಬಲಿ, ಬೇಯಿಸಿದ ಸಿಹಿಗುಂಬಳ ಅಥವಾ ಬೀನ್ಸ್ ಹಾಕುತ್ತೇವೆ. ಮಾಂಸ–ಅನ್ನದಲ್ಲಿ ಸುಣ್ಣದಂಶ ಸಾಲದು, ಬೆಳೆಯುವ ಮರಿಯ ಮೂಳೆ ಇದರಿಂದಲೇ ಬಾಗುತ್ತದೆ. ಎಷ್ಟು ಕ್ಯಾಲ್ಸಿಯಂ ಸೇರಿಸಬೇಕೆಂದು ತೂಕ ನೋಡಿ ವೈದ್ಯರಿಂದ ಬರೆಸಿಕೊಳ್ಳಿ. ಅಂದಾಜಿನಲ್ಲಿ ಹೆಚ್ಚು ಹಾಕುವುದೂ ತಪ್ಪು.

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗುವುದಿಲ್ಲ, ಹಾಗಾಗಿ ಮಿಕ್ಕ ಹುಳಿಯನ್ನಕ್ಕೆ ವಿದಾಯ ಹೇಳಬೇಕು. ನಮ್ಮ ಅತ್ತೆಯವರಿಗೆ ಇದನ್ನು ಒಪ್ಪಿಸಲು ಸ್ವಲ್ಪ ಕಾಲ ಹಿಡಿಯಿತು. ‘ಉಪ್ಪು, ಹುಳಿ ಇಲ್ಲದೆ ಹೇಗೆ ತಿಂದಾವಮ್ಮ, ಬಾಯಿ ಸತ್ತ ಊಟ’ ಎಂದು ಮರುಗುತ್ತಿದ್ದರು. ‘ಅತ್ತೆ, ಒಗ್ಗರಣೆಗೆ ಮೊದಲು ಎರಡು ಸೌಟು ಬೇಳೆಕಟ್ಟು ತೆಗೆದಿಟ್ಟುಬಿಡಿ, ಅದನ್ನೇ ಹಾಕೋಣ’ ಎಂದೆ. ಈಗ ಆ ಬೇಳೆಕಟ್ಟನ್ನು ತೆಗೆದಿಡಲು ಅವರು ಒಂದು ದಿನವೂ ಮರೆಯುವುದಿಲ್ಲ.

ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಹಬ್ಬದ ದಿನ ಪಾಯಸ, ಕೇಸರಿಬಾತು ಕೈಗೆಟುಕುವ ಎತ್ತರದಲ್ಲಿರಬಾರದು. ಚಾಕೊಲೇಟ್ ಅಪಾಯ, ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕವೂ ಅಪಾಯ. ಬೇಯಿಸಿದ ಮೂಳೆ ಸೀಳಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ಜ್ವರವೆಂದು ನಿಮ್ಮ ಪ್ಯಾರಾಸಿಟಮಾಲ್ ಮಾತ್ರೆಯನ್ನು ನಾಯಿಗೆ ಕೊಡಬೇಡಿ.

ಎರಡು ನಾಯಿಗಳಿದ್ದಾಗ ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಸಿದ್ದನ ಕೊನೆಯ ಪಕ್ಕೆಲುಬುಗಳು ಕಾಣುತ್ತವೆ. ಅವನ ತಳಿಗೆ ಅದೇ ಆರೋಗ್ಯ. ‘ಪಾಪ, ಹೊಟ್ಟೆಗೆ ಹಾಕುವುದಿಲ್ಲವೇ?’ ಎಂದು ದಾರಿಯಲ್ಲಿ ಕೇಳುವವರ ಮಾತಿಗೆ ಮಣಿದು ಊಟ ಹೆಚ್ಚಿಸಬಾರದು. ಗೌರಿಯ ಪಕ್ಕೆಲುಬುಗಳು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು. ತಿಂಗಳಿಗೊಮ್ಮೆ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು ಬರೆದಿಡಿ.

ಹೆಜ್ಜೆ 5: ವಾಕಿಂಗ್, ಆಟ, ನಿದ್ದೆ

ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ, ಸಂಜೆ ನೆಲ ತಣಿದ ಮೇಲೆ ಹೊರಡಿ. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಅವುಗಳ ಪಾದವೂ ಸುಡುತ್ತದೆ. ಮುಧೋಳದಂತಹ ತಳಿಗಳ ಕತ್ತು ತಲೆಗಿಂತ ಸಪೂರವಲ್ಲ, ಸಾಮಾನ್ಯ ಬೆಲ್ಟು ಜಾರಿ ಕಳಚುತ್ತದೆ. ಎದೆಗೆ ಕಟ್ಟುವ ಹಾರ್ನೆಸ್ ಬಳಸಿ. ಬೆಕ್ಕು ಕಂಡರೆ ಸಿದ್ದನಿಗೆ ಕಿವಿ ಕೇಳಿಸುವುದಿಲ್ಲ, ಆದ್ದರಿಂದ ಬೇಲಿಯಿಲ್ಲದ ಕಡೆ ಅವನ ಹಗ್ಗ ಬಿಚ್ಚುವುದೇ ಇಲ್ಲ.

ವಾರದಲ್ಲಿ ಮೂರು ದಿನವಾದರೂ ಎರಡನ್ನೂ ಬೇರೆ ಬೇರೆ ಕರೆದೊಯ್ಯಿರಿ. ಸಮಯ ಸಾಲದಿದ್ದರೆ ಒಂದೊಂದಕ್ಕೆ ಹದಿನೈದು ನಿಮಿಷವೇ ಇರಲಿ. ಆ ಹದಿನೈದು ನಿಮಿಷ ಅದು ‘ನಾಯಿಗಳಲ್ಲಿ ಒಂದು’ ಆಗಿರುವುದಿಲ್ಲ, ನಿಮ್ಮ ನಾಯಿಯಾಗಿರುತ್ತದೆ. ಮನೆಯಲ್ಲಿ ಉಳಿದದ್ದು ಒಂಟಿಯಾಗಿರುವುದನ್ನು ಕಲಿಯುತ್ತದೆ. ಮುಂದೆ ಒಂದನ್ನು ಆಸ್ಪತ್ರೆಯಲ್ಲಿ ಬಿಡಬೇಕಾಗಿ ಬಂದಾಗ ಇನ್ನೊಂದು ಅನ್ನ–ನೀರು ಬಿಟ್ಟು ಕೊರಗುವುದು ತಪ್ಪುತ್ತದೆ. ಮಲ ಎತ್ತಲು ಹಳೆಯ ಪತ್ರಿಕೆಯ ಹಾಳೆ ಕಿಸೆಯಲ್ಲಿರಲಿ. ಊರಿನ ಪಾಲಿಕೆಯಲ್ಲಿ ಸಾಕುನಾಯಿಗೆ ಪರವಾನಗಿ ಬೇಕೇ ಎಂದು ವಿಚಾರಿಸಿಕೊಳ್ಳಿ.

ದೊಡ್ಡ ನಾಯಿ ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆ ನಿದ್ದೆ ಮಾಡುತ್ತದೆ. ಮಧ್ಯಾಹ್ನ ಒಂದು ಮಲಗಿದಾಗ ಇನ್ನೊಂದು ಎಬ್ಬಿಸಲು ಹೋದರೆ ಗೇಟು ಹಾಕಿ.

ಹೆಜ್ಜೆ 6: ಕಚ್ಚಾಟವಾದರೆ

ಸಿದ್ದ ಬಂದ ವರ್ಷವೇ ಒಂದು ದೊಡ್ಡ ಜಗಳವಾಯಿತು. ಸೋಫಾ ಕೆಳಗೆ ಯಾರೂ ನೋಡದೆ ಉಳಿದಿದ್ದ ಒಂದು ಮೂಳೆ ಕಾರಣ. ನಾನು ಗಾಬರಿಯಲ್ಲಿ ಕತ್ತಿನ ಬೆಲ್ಟಿಗೆ ಕೈ ಹಾಕಿದೆ, ಹಲ್ಲು ನನ್ನ ಮುಂಗೈಗೆ ನಾಟಿತು. ಕಚ್ಚಿದ್ದು ಯಾರೆಂದು ಇಂದಿಗೂ ಗೊತ್ತಿಲ್ಲ, ಆ ಹೊತ್ತಿನಲ್ಲಿ ಅವರಿಗೂ ಗೊತ್ತಿರಲಿಲ್ಲ.

ನಡುವೆ ಕೈ ಹಾಕಬೇಡಿ. ಮೊದಲು ಸದ್ದು: ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಡಿಯಿರಿ. ಬಿಡದಿದ್ದರೆ ಬಕೆಟ್ ನೀರನ್ನು ಮುಖಕ್ಕೆ ಎರಚಿ, ಇಲ್ಲವೇ ದಪ್ಪ ಕಂಬಳಿ ಹಾಕಿ, ಕುರ್ಚಿಯನ್ನು ನಡುವೆ ತಳ್ಳಿ. ಇಬ್ಬರಿದ್ದರೆ ಒಬ್ಬೊಬ್ಬರು ಒಂದರ ಹಿಂಗಾಲುಗಳನ್ನು ಹಿಡಿದೆತ್ತಿ, ಕೈಗಾಡಿಯಂತೆ ಹಿಂದಕ್ಕೆ ಎಳೆದು ಬೇರೆ ಬೇರೆ ಕೋಣೆಗೆ ಸೇರಿಸಿ. ನಂತರ ಮೈಯೆಲ್ಲ ಕೂದಲು ಬಿಡಿಸಿ ನೋಡಿ. ಹಲ್ಲಿನ ಗಾಯದ ಬಾಯಿ ಚಿಕ್ಕದು, ಒಳಗೆ ಆಳ. ಅದನ್ನು ವೈದ್ಯರೇ ನೋಡಬೇಕು. ಒಂದೆರಡು ದಿನ ಗೇಟಿನ ಆಚೀಚೆ ಇಟ್ಟು, ಅಕ್ಕಪಕ್ಕದ ವಾಕಿಂಗಿನಿಂದ ಮತ್ತೆ ಪರಿಚಯ ಆರಂಭಿಸಿ.

ನಿಮಗೆ ಕಚ್ಚಿದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯಿರಿ. ಅರಿಸಿನ, ಸುಣ್ಣ ಬೇಡ. ಸಾಕಿದ ನಾಯಿ, ಲಸಿಕೆ ಆಗಿದೆ ಎಂದುಕೊಂಡು ಮನೆಯಲ್ಲೇ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ, ಚುಚ್ಚುಮದ್ದು ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಚಿಕಿತ್ಸೆ ಇಲ್ಲ.

ಹೆಜ್ಜೆ 7: ಉಣ್ಣೆ

ನಾಯಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳುವಿಗೆ ನಮ್ಮ ಕಡೆ ಉಣ್ಣೆ ಎನ್ನುತ್ತಾರೆ, ಮಲೆನಾಡಿನಲ್ಲಿ ಉಣುಗು. ನಮ್ಮ ರಾಜ್ಯದಲ್ಲಿ ನಾಯಿ ಸಾಕುವವರ ದೊಡ್ಡ ಶತ್ರು ಇದು. ರಕ್ತ ಕುಡಿದು ಊದಿದ ಹೆಣ್ಣುಣ್ಣೆ ನಾಯಿಯ ಮೈಯಿಂದ ಉದುರಿ, ಗೋಡೆಯ ಬಿರುಕು, ಬಾಗಿಲಿನ ಸಂದು ಹುಡುಕಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ಒಂದೇ ನಾಯಿಗೆ ಔಷಧ ಹಾಕಿದರೆ ಏನೂ ಪ್ರಯೋಜನವಿಲ್ಲ. ಎರಡಕ್ಕೂ ಒಂದೇ ದಿನ ಹಾಕಬೇಕು, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು, ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಬೇಕು. ಮಾತ್ರೆಯಾಗಲಿ, ಬೆನ್ನಿಗೆ ಹಾಕುವ ಹನಿಯಾಗಲಿ, ಅಳತೆ ತೂಕಕ್ಕೆ ತಕ್ಕದ್ದು. ಹಣ ಉಳಿಸಲು ದೊಡ್ಡ ನಾಯಿಯ ಮಾತ್ರೆಯನ್ನು ಮುರಿದು ಇಬ್ಬರಿಗೂ ಹಂಚಬೇಡಿ.

ಪ್ರತಿ ಸಂಜೆ ಐದು ನಿಮಿಷ ಕೈಯಾಡಿಸಿ: ಕಿವಿಯ ಒಳಗೆ, ಬೆರಳುಗಳ ಸಂದು, ಕಂಕುಳು, ಬಾಲದ ಬುಡ. ಸಿಕ್ಕಿದ್ದನ್ನು ಚಿಮುಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಗೌರಿ ತಟ್ಟೆ ಮೂಸಿ ಹಾಗೆಯೇ ಮಲಗಿದಳು. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿತ್ತು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕುಸಿದದ್ದು ತಿಳಿಯಿತು, ಉಣ್ಣೆಜ್ವರ. ಬೇಗ ಗೊತ್ತಾದದ್ದರಿಂದ ಉಳಿದಳು. ನಾಯಿಯ ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿ ಊಟ ಬಿಟ್ಟರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ನಾಳೆಗೆ ಕಾಯಬೇಡಿ.

ಹಿತ್ತಲಲ್ಲಿ ಭೇದಿ ಕಂಡಾಗ ಯಾರದೆಂದು ತಿಳಿಯುವುದು ಹೇಗೆ? ಒಂದರ ಊಟಕ್ಕೆ ಮಾತ್ರ ತುರಿದ ಹಸಿ ಕ್ಯಾರೆಟ್ ಬೆರೆಸಿ. ಮರುದಿನ ಮಲದಲ್ಲಿ ಕಿತ್ತಳೆ ಚೂರುಗಳು ಕಾಣುತ್ತವೆ. ಇಬ್ಬರಿಗೂ ಬೇರೆ ಬೇರೆ ನೋಟ್‌ಬುಕ್ ಇಟ್ಟು ಲಸಿಕೆ, ತೂಕ, ಔಷಧವನ್ನು ಬರೆಯುತ್ತ ಬನ್ನಿ. ಹೆಗ್ಗಣಗಳ ಕಾಟವಿರುವ ಕಡೆ ಮಳೆಗಾಲಕ್ಕೆ ಮುಂಚೆ ಇಲಿಜ್ವರದ ಲಸಿಕೆ ಸೇರಿದೆಯೇ ಎಂದು ಕೇಳಿ. ಆ ರೋಗ ಮನುಷ್ಯರಿಗೂ ಹರಡುತ್ತದೆ.

ಹೆಜ್ಜೆ 8: ದೀಪಾವಳಿ

ಸೂರ್ಯ ಮುಳುಗುವ ಮೊದಲೇ ವಾಕಿಂಗ್, ಊಟ ಮುಗಿಸಿ. ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನು, ರೇಡಿಯೊ ಹಾಕಿ, ಜೊತೆಯಲ್ಲಿ ಕೂತಿರಿ. ಹೆದರಿದ ಒಂದನ್ನು ನೋಡಿ ಇನ್ನೊಂದೂ ಹೆದರುತ್ತಿದ್ದರೆ ಅಂದು ಎರಡು ಕೋಣೆ ಬೇಕು. ಫೋನ್ ಸಂಖ್ಯೆಯ ಬಿಲ್ಲೆ ಕತ್ತಿನಲ್ಲಿರಲಿ, ಪಟಾಕಿಗೆ ಬೆದರಿ ಓಡಿದ ನಾಯಿಗಳು ದಾರಿ ತಪ್ಪುತ್ತವೆ.

ಹೆಜ್ಜೆ 9: ಒಂದಕ್ಕೆ ವಯಸ್ಸಾದಾಗ

ಗೌರಿಗೆ ಈಗ ಹಿಂಗಾಲು ಸ್ವಲ್ಪ ಬಿಗಿ. ಮೊಸಾಯಿಕ್ ನೆಲದಲ್ಲಿ ಜಾರುತ್ತಾಳೆಂದು ಅವಳು ಓಡಾಡುವ ದಾರಿಗೆಲ್ಲ ರಬ್ಬರ್ ಚಾಪೆ ಹಾಸಿದ್ದೇವೆ. ಸಿದ್ದ ಆಟಕ್ಕೆ ಮೈಮೇಲೆ ಬಿದ್ದರೆ ಅವಳಿಗೆ ನೋವು, ನೋವಿರುವ ನಾಯಿ ಕಚ್ಚುತ್ತದೆ. ಅವಳಿಗೆ ಅವನು ಬರಲಾಗದ ಒಂದು ಜಾಗ ಬೇಕು. ಅವನಿಗೆ ಅವಳಿಲ್ಲದೆ ಓಡಿ ದಣಿಯುವ ಒಂದು ಗಂಟೆ ಬೇಕು. ಎರಡನ್ನೂ ದಿನಾ ಕೊಡಿ.

ರಾತ್ರಿ ಹತ್ತಕ್ಕೆ ಅಡುಗೆಮನೆಯ ಗೇಟು ಹಾಕುತ್ತೇನೆ. ಒಲೆಯ ಬಳಿಯ ಬೆಚ್ಚನೆಯ ಮೂಲೆಯಲ್ಲಿ ಗೌರಿಗೆಂದು ದಪ್ಪ ಹಾಸಿಗೆ ಹಾಸಿದ್ದೇನೆ, ನಡುಮನೆಯಲ್ಲಿ ಸಿದ್ದನಿಗೆ ಅವನ ಕಂಬಳಿ. ಬೆಳಿಗ್ಗೆ ಎದ್ದು ನೋಡಿದರೆ ಎರಡು ಹಾಸಿಗೆಯೂ ಖಾಲಿ. ಅವಳು ಒಳಗಿನಿಂದ, ಅವನು ಹೊರಗಿನಿಂದ, ಗೇಟಿನ ಕಂಬಿಗೆ ಬೆನ್ನು ಆನಿಸಿ ಮಲಗಿರುತ್ತಾರೆ.